ಕೆಮ್ಮಣ್ಣಿನ ಕಪಾಟು

"ಕಪಾಟಿಗೆ ಬಿಳೀ ಬಣ್ಣ ಹೊಡೆಸು," ಎಂದಳು ಅಯಿಂಪೋಕ. "ಪಾದ್ರಿಗಳ ಅಡುಗೆಮನೇಲಿ ಇದೆಯಲ್ಲ, ಹಾಲಿನ ಥರ. ಹಾಗೆ."

"ಬಿಳಿ ಬೇಡ ಅತ್ತೆ," ಎಂದಳು ಸೊಸೆ ತಲಾತ. "ಮಣ್ಣಿನ ಬಣ್ಣ ಮಾಡಿಸ್ತೀನಿ. ಕೆಂಪು, ಕಪ್ಪು, ನಡುವೆ ಸ್ವಲ್ಪ ಬೂದಿ ಬಿಳುಪು."

ಮುದುಕಿ ಬಾಯಲ್ಲಿದ್ದ ಬೇವಿನ ಕಡ್ಡಿಯನ್ನು ಹೊರಗೆ ತೆಗೆದಳು. "ಮಣ್ಣಿನ ಬಣ್ಣ! ನನ್ನ ಮಗ ಸಿಮೆಂಟಿನ ಮನೆ ಕಟ್ಟಿಸಿದ್ದು ಯಾಕೆ? ನಮ್ಮಮ್ಮ ಇನ್ನು ಮಣ್ಣು ಮೆತ್ತೋದು ಬೇಡ ಅಂತ. ಇವಳು ದುಡ್ಡು ಕೊಟ್ಟು ಮಣ್ಣನ್ನ ಒಳಗೆ ತರ್ತಾಳಂತೆ."

ಬಡಗಿ ದೆರಿ ಮೂರು ಚಕ್ರದ ಗಾಡಿಯಿಂದ ಕೊನೆಯ ಕಪಾಟನ್ನು ಇಳಿಸಿ ಬೇವಿನ ನೆರಳಿನಲ್ಲಿ ನಿಲ್ಲಿಸಿದ. ಒಟ್ಟು ಎಂಟು ಕಪಾಟು, ಹನ್ನೆರಡು ಬಾಗಿಲು. ಹಲಗೆಯನ್ನು ಉಜ್ಜಿ ಉಜ್ಜಿ ಕೆನ್ನೆಯಷ್ಟು ನುಣುಪು ಮಾಡಿದ್ದ. "ಯಾವ ಬಣ್ಣ ಆದರೇನು ಅಜ್ಜಿ," ಎಂದ. "ನೀವು ಇದರಲ್ಲಿ ಇಡೋದು ನಾಯಿ ತಲೆ ತಾನೇ?"

"ನಾಯಿ ತಲೆ ಕದ್ದು ಓಡಿದ ಕುಲದವನು ನೀನು. ಬೀಗ ಹಾಕಿಸಬೇಕು ಕಪಾಟಿಗೆ."

ದೆರಿ ದಗಾಬರವನು. ಆ ಕುಲದವರೂ ಇವರೂ ನಾಯಿ ತಲೆಯ ಹಳೇ ಜಗಳ ತೆಗೆದು ಕಂಡಲ್ಲಿ ಬೈದಾಡಬೇಕು, ಆದರೆ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಇಬ್ಬರೂ ಹೊಟ್ಟೆ ತುಂಬ ನಕ್ಕರು. ತಲಾತ ಮಾತ್ರ ನಗಲಿಲ್ಲ. ಅವಳು ಬಾಗಿಲುಗಳನ್ನು ಎಣಿಸುತ್ತಿದ್ದಳು.

ಅಯಿಂಪೋಕ ಗಡಿಯ ಹತ್ತಿರದ ಹಳ್ಳಿಯಿಂದ ಬೋಲ್ಗಾ ಪೇಟೆಯ ಈ ಮನೆಗೆ ಬಂದು ಆರು ತಿಂಗಳಾಗಿತ್ತು. ಆಗಸ್ಟಿನ ಮಳೆಗೆ ಹಳ್ಳಿಯಲ್ಲಿದ್ದ ಅವಳ ಕೋಣೆ ಕುಸಿದುಬಿತ್ತು. ಅದರ ಜೊತೆ ಅವಳ ಗೋಡೆಯೂ ಹೋಯಿತು. ಸುತ್ತ ಹತ್ತು ಊರುಗಳಲ್ಲಿ ಆ ಗೋಡೆಗೆ ಹೆಸರಿತ್ತು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಹೆಂಗಸರನ್ನು ಕೂಡಿಸಿ ಅದನ್ನು ಬಳಿಸುತ್ತಿದ್ದಳು. ಒಡೆದ ಸೋರೆಬುರುಡೆಯ ಚೂರುಗಳೆಂದು ಕರೆಯುವ ತ್ರಿಕೋನಗಳ ಸಾಲು, ಬಲೆಯ ಗೆರೆಗಳು, ಉದ್ದ ಕೊಂಬಿನ ಹಸುಗಳು. ಮಳೆಗಾಲ ಬಂದು ಅರ್ಧ ತೊಳೆದುಹಾಕುತ್ತಿತ್ತು. ಮತ್ತೆ ಸುಗ್ಗಿ, ಮತ್ತೆ ಬಳಿಯುವುದು. ಮೊದಲ ಗೆರೆ ಎಳೆಯುವ ಹಕ್ಕು ಮನೆಯ ಹಿರಿಯ ಹೆಂಗಸಿನದು. ಇಪ್ಪತ್ತು ವರ್ಷದ ಹಿಂದೆ ಸೊಸೆಯಾಗಿ ಬಂದ ತಲಾತಳ ಕೈಗೆ ಅವಳು ಗಿನಿಕೋಳಿಯ ಗರಿ ಕೊಟ್ಟದ್ದು ಒಂದೇ ಸಲ. ಗೆರೆ ನೋಡಿ ಗರಿ ಕಿತ್ತುಕೊಂಡು ಕೊಡ ಕೊಟ್ಟಳು. "ನೀನು ನೀರು ತಾ." ಅಂದಿನಿಂದ ತಲಾತ ನೀರು ಹೊತ್ತಳು.

ಪೇಟೆಯ ಮನೆಯಲ್ಲಿ ಮುದುಕಿಗೆ ಕೆಲಸವಿರಲಿಲ್ಲ. ಗ್ಯಾಸಿನ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಶೇಂಗಾ ಸುಲಿಯುವಳು, ಗಿನಿಕೋಳಿಗಳನ್ನು ಬೈಯುವಳು, ಬೂದು ಗೋಡೆಗೆ ಮುಖ ಮಾಡಿ ಮಲಗುವಳು. ಶಾಲೆಯಲ್ಲಿ ಪಾಠ ಮುಗಿಸಿ ಬಂದ ತಲಾತ ದಿನವೂ ಆ ಬೆನ್ನನ್ನು ನೋಡುತ್ತಿದ್ದಳು. ಬಿದ್ದ ಗೋಡೆಯ ಚಿತ್ತಾರ ಅಡುಗೆಮನೆಯ ಕಪಾಟುಗಳ ಮೇಲೆ ಬಂದರೆ, ಅತ್ತೆ ಬೆಳಿಗ್ಗೆ ಅದರ ಮುಂದೆ ಕೂತು ಅಂಬಲಿ ಕುಡಿಯಬಹುದು ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಮಾಡಿ ಮುಗಿಸಿ ತೋರಿಸಬೇಕೆಂದುಕೊಂಡಳು. ಹಳ್ಳಿಯ ಚಿತ್ತಾರದ ಹೆಂಗಸರ ಸಂಘಕ್ಕೆ ಫೋನ್ ಮಾಡಿ, ಮುಂಗಡ ಕಳಿಸಿ, ದಿನ ಗೊತ್ತು ಮಾಡಿದಳು.

ತಪ್ಪಾದದ್ದು ಅಲ್ಲಿ.

ಮುಂದಿನ ಸಂತೆಯ ದಿನ ಹಳ್ಳಿಯ ಅತೆನಿ ಬುಟ್ಟಿ ಹೊತ್ತು ಅಂಗಳಕ್ಕೆ ಬಂದಳು. ಅಯಿಂಪೋಕಳ ಓರಗೆಯವಳು, ಅವಳ ಜೊತೆ ನಲವತ್ತು ವರ್ಷ ಗೋಡೆ ಬಳಿದವಳು.

"ಇದ್ದೀಯಾ? ಪುಣ್ಯ! ನೀನು ಸತ್ತೆ ಅಂತ ಅಳೋಕೆ ತಯಾರಾಗಿ ಬಂದಿದ್ದೆ ಕಣೆ."

"ನಿನ್ನನ್ನ ಮೊದಲು ಕಳಿಸಿ ಆಮೇಲೆ ಹೋಗ್ತೀನಿ. ಏನು ವಿಷಯ?"

"ನಿನ್ನ ಸೊಸೆ ನಮ್ಮನ್ನ ಕರೆಸಿದಾಳಲ್ಲ, ಅಡುಗೆಮನೆ ಬಳಿಯೋಕೆ. ಹೋಟೆಲಿನವರು ಕರೆಸ್ತಾರಲ್ಲ, ಹಾಗೆ ಕೂಲಿ ಕೊಟ್ಟು. ಮೊದಲ ಗೆರೆ ಯಾರದು ಅಂತ ಕೇಳಿದ್ರೆ, ನಿಮ್ಮಲ್ಲೇ ಯಾರಾದ್ರೂ ಎಳೀರಿ, ಅತ್ತೆಗೆ ಮಂಡಿ ನೋವು ಅಂದಳಂತೆ. ಹಿರಿಯಳು ಸತ್ತ ಮನೇಲಿ ತಾನೇ ಹೊರಗಿನವರು ಗೆರೆ ಎಳೆಯೋದು? ಅದಕ್ಕೇ ಕೇಳಿದೆ!"

ಅತೆನಿ ತಮಾಷೆಗೆ ಹೇಳಿದ್ದಳು. ಅಯಿಂಪೋಕಳೂ ನಕ್ಕಳು. ಆದರೆ ಅಂದು ಸಂಜೆ ಸಜ್ಜೆ ಮುದ್ದೆಯನ್ನು ಮುಟ್ಟಲಿಲ್ಲ.

ಬೆಳಿಗ್ಗೆ ಅವಳ ಬಟ್ಟೆಗಂಟು ಹೊಸಿಲ ಮೇಲಿತ್ತು.

"ಎಲ್ಲಿಗಮ್ಮ?" ಎಂದ ಮಗ ಅಕೊಲ್ಗೊ. ನೀರು ಸರಬರಾಜು ಕಚೇರಿಗೆ ಹೊರಟು ಶೂ ಹಾಕಿಕೊಳ್ಳುತ್ತಿದ್ದ.

"ನಿನ್ನ ಚಿಕ್ಕಪ್ಪನ ಮನೆಗೆ. ಹಳ್ಳಿಗೆ."

"ಯಾಕೆ? ಏನು ಕಡಿಮೆಯಾಗಿದೆ ಇಲ್ಲಿ?"

"ಏನೂ ಕಡಿಮೆ ಇಲ್ಲ. ಗ್ಯಾಸಿದೆ, ನಲ್ಲಿಯಿದೆ. ಗೆರೆ ಎಳೆಯೋಕೆ ಬಾಡಿಗೆ ಹೆಂಗಸರೂ ಬರ್ತಿದಾರೆ. ನಾನೊಬ್ಬಳು ಜಾಸ್ತಿ."

ತಲಾತ ಸೌಟು ಹಿಡಿದೇ ಹೊರಗೆ ಬಂದಳು. "ಅತ್ತೆ, ನಿಮ್ಮ ಮಂಡಿಗೆ ತೊಂದರೆ ಬೇಡ ಅಂತ..."

"ನನ್ನ ಮಂಡಿ ನಿನ್ನ ಹತ್ತಿರ ಬಂದು ದೂರು ಕೊಟ್ಟಿತಾ?"

"ದಿನಾ ರಾತ್ರಿ ನರಳ್ತೀರಲ್ಲ."

"ನರಳೋದು ಬದುಕಿರೋರು ಕಣೆ. ಬದುಕಿದೀನಿ ಅನ್ನೋದಾದ್ರೂ ತಿಳೀಬೇಕಿತ್ತು ನಿನಗೆ."

ಹದಿನಾರರ ಮಗಳು ಕ್ಲೆಮೆನ್ಸಿಯಾ ಅಜ್ಜಿಯ ಗಂಟನ್ನು ಹಿಡಿದು ನಿಂತಳು. ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ಸವತಿ ಎಂದು ಹಂಗಿಸುವುದು ಅಲ್ಲಿನ ರೂಢಿ. "ಹೋಗ್ಬೇಡ ಸವತಿ. ನೀನು ಹೋದ್ರೆ ನಿನ್ನ ಗಂಡ ನನಗೊಬ್ಬಳಿಗೇ ಆಗ್ತಾನೆ."

"ಸತ್ತು ಹನ್ನೊಂದು ವರ್ಷ ಆಯ್ತು ಆ ಗಂಡ. ನೀನೇ ಇಟ್ಕೋ," ಎಂದು ಮುದುಕಿ ಗಂಟು ಕಸಿದುಕೊಂಡಳು.

ಅವಳು ಹೋದ ಮೇಲೆ ತಲಾತ ಸಂಘಕ್ಕೆ ಫೋನ್ ಮಾಡಿ ಬರಬೇಡಿ ಎಂದಳು. ಕಪಾಟುಗಳನ್ನು ಅಡುಗೆಮನೆಯಲ್ಲಿ ಕೂರಿಸಿದ್ದಾಯಿತು, ಬಾಗಿಲುಗಳು ಬೋಳಾಗಿ ಹಜಾರದ ಗೋಡೆಗೆ ಒರಗಿ ನಿಂತವು. ಅಕೊಲ್ಗೊ ಓಡಾಡುವಾಗ ಅವನ್ನು ಎಡವುತ್ತಿದ್ದ.

"ಅಂಗಡೀಲಿ ಕಂದು ಬಣ್ಣ ಸಿಗಲ್ವಾ? ಒಂದು ಡಬ್ಬ ತಂದು ಬಳಿದು ಮುಗಿಸು ಮಾರಾಯ್ತಿ," ಎಂದ.

ತಂದಳು. ಒಂದು ಬಾಗಿಲಿಗೆ ಬಳಿದಳು. ಕ್ಲೆಮೆನ್ಸಿಯಾ ದೂರ ನಿಂತು ನೋಡಿ, "ಅಮ್ಮ, ಇದು ಮಣ್ಣಲ್ಲ. ಹಳೇ ಲಾರಿ," ಎಂದಳು. ತಲಾತಳಿಗೂ ಹಾಗೇ ಅನ್ನಿಸಿತ್ತು. ಒದ್ದೆ ಇರುವಾಗಲೇ ಒರೆಸಿ ತೆಗೆದಳು.

ಆ ಶನಿವಾರ ತಾಯಿ ಮಗಳು ಕೆರೆಯ ದಾರಿಯಿಂದ ಕೆಮ್ಮಣ್ಣು ತಂದು ಕುಟ್ಟಿ, ಜರಡಿ ಹಿಡಿದು, ನೀರಿನಲ್ಲಿ ಕಲಸಿ ಮೂರು ಬಾಗಿಲಿಗೆ ಮೆತ್ತಿದರು. ಒದ್ದೆಯಿದ್ದಾಗ ಬಣ್ಣ ಎಷ್ಟು ಚೆನ್ನಾಗಿತ್ತೆಂದರೆ ತಲಾತ ಕೈ ತೊಳೆಯದೆ ನಿಂತು ನೋಡಿದಳು. ಬಡಗಣ ಗಾಳಿ ಒಣದಾಗಿ ಬೀಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಣ್ಣು ಹಪ್ಪಳದಂತೆ ಸೆಟೆದು, ಪುಂಡಿ ಸೊಪ್ಪಿನ ಸಾರು ಕುದಿಯುವಷ್ಟರಲ್ಲಿ ಚೂರು ಚೂರಾಗಿ ನೆಲಕ್ಕೆ ಬಿತ್ತು.

"ಸಾರಿನಲ್ಲೂ ಏನೋ ಇಲ್ಲ," ಎಂದ ಅಕೊಲ್ಗೊ ಉಣ್ಣುತ್ತ. "ಅಮ್ಮ ಹಾಕೋ ಹುದುಗಿಸಿದ ದಾವದಾವ ಬೀಜ ಹಾಕಿಲ್ವಾ?"

"ಹಾಕಿದೀನಿ."

"ಗೊತ್ತಾಗ್ತಿಲ್ಲ."

"ಗೊತ್ತಾಗೋರನ್ನ ಕರ್ಕೊಂಡು ಬಾ ಹಾಗಾದ್ರೆ."

ಅವನು ಎರಡು ಸಲ ಹೋದ. ಮುದುಕಿ ಎರಡು ಸಲವೂ ಊಟ ಹಾಕಿ ಕಳಿಸಿದಳು, ಬರಲಿಲ್ಲ. ಮಾರ್ಚಿ ತಿಂಗಳೂ ಅರ್ಧ ಕಳೆಯಿತು.

ಮೂರನೆಯ ಸಲ ತಲಾತ ತಾನೇ ಹೊರಟಳು. ಒಂದು ಕೈಯಲ್ಲಿ ಕಾಲು ಕಟ್ಟಿದ ಗಿನಿಕೋಳಿ, ಇನ್ನೊಂದು ಕಂಕುಳಲ್ಲಿ ಬಟ್ಟೆ ಸುತ್ತಿದ ಬಾಗಿಲು. ವ್ಯಾನಿನವನು ಬಾಗಿಲಿಗೂ ಟಿಕೆಟ್ ಕೇಳಿದ.

ಅಯಿಂಪೋಕ ಮೈದುನನ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ತಲಾತ ಕುಕ್ಕುರುಗಾಲಲ್ಲಿ ಕೂತು ನಮಸ್ಕರಿಸಿ, ಕೋಳಿಯನ್ನು ಮುಂದಿಟ್ಟಳು. ಮನೆ, ಮಕ್ಕಳು, ನೆರೆಹೊರೆ, ಎಲ್ಲರ ಯೋಗಕ್ಷೇಮ ವಿಚಾರಿಸಿದ್ದಾಯಿತು. ಆಮೇಲೆ ಬಟ್ಟೆ ಬಿಚ್ಚಿದಳು.

"ಏನಿದು?"

"ಬಾಗಿಲು."

"ಅದು ಕಾಣ್ತಿದೆ. ಯಾಕೆ ತಂದೆ?"

"ಮಣ್ಣು ಅಂಟ್ತಿಲ್ಲ ಅತ್ತೆ."

ಮುದುಕಿ ನೋಡಬಾರದೆಂದು ತಲೆ ತಿರುಗಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಕೈ ತಾನಾಗಿ ಬಂದು ಉಳಿದಿದ್ದ ಮಣ್ಣನ್ನು ಉಗುರಿನಿಂದ ಕೆರೆಯಿತು. "ಯಾರು ಕಲಸಿದ್ದು ಇದನ್ನ?"

"ನಾನು."

"ಸಗಣಿ ಹಾಕಿದ್ಯಾ?"

"ಇಲ್ಲ."

"ದಾವದಾವ ಕಾಯಿಸಿಪ್ಪೆ ಕುದಿಸಿದ ನೀರು?"

"ಇಲ್ಲ."

"ಬರೀ ನೀರಲ್ಲಿ ಕಲಸಿದ್ಯಾ! ಇಪ್ಪತ್ತು ವರ್ಷ ನನ್ನ ಪಕ್ಕದಲ್ಲಿ ನಿಂತು ಏನು ನೋಡಿದೆ ನೀನು?"

"ಪಕ್ಕದಲ್ಲೆಲ್ಲಿ ನಿಂತೆ ಅತ್ತೆ? ನೀವು ನನ್ನನ್ನ ನೀರಿಗೆ ಕಳಿಸ್ತಿದ್ರಿ. ಸಗಣಿ ಕಲಸೋ ಹೊತ್ತಿಗೆ ನಾನು ಬಾವಿ ಹತ್ತಿರ ಇರ್ತಿದ್ದೆ."

ಪಕ್ಕದಲ್ಲಿದ್ದ ಮೈದುನನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮುದುಕಿ ನಗಲಿಲ್ಲ. ಸೊಸೆಯ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

"ಆ ಹೆಂಗಸರನ್ನ ಕರೆದದ್ದು ತಪ್ಪಾಯ್ತು," ಎಂದಳು ತಲಾತ. "ನಿಮ್ಮ ಕೈ ಮುಗೀತು ಅಂತ ಕರೆದದ್ದಲ್ಲ. ಬಿದ್ದ ಗೋಡೇನ ನಿಮಗೆ ಗೊತ್ತಾಗದ ಹಾಗೆ ಎಬ್ಬಿಸಿ ತೋರಿಸೋಣ ಅಂತ."

"ಗೊತ್ತಾಗದ ಹಾಗೆ ಎಬ್ಬಿಸೋಕೆ ಅದೇನು ಕಳ್ಳಮಾಲಾ?" ಎಂದಳು ಮುದುಕಿ. ಧ್ವನಿ ಮೆತ್ತಗಾಗಿತ್ತು. ಬಾಗಿಲನ್ನು ತೊಡೆಯ ಮೇಲೆ ಎಳೆದುಕೊಂಡು ಅಂಗೈ ಆಡಿಸಿದಳು. "ಆ ನಾಯಿತಲೆ ಕಳ್ಳ ಇದನ್ನ ಮೀನಿನ ಥರ ಮಾಡಿದಾನೆ. ಮೀನಿನ ಮೇಲೆ ಮಣ್ಣು ಹೇಗೆ ನಿಂತೀತು?"

ಮಾರನೆಯ ದಿನ ಬಂದಳು. ಬಾಗಿಲು ಮುಗಿಸಿಕೊಟ್ಟು ವಾಪಸಾಗುತ್ತೇನೆಂದು ಮೈದುನನ ಮನೆಯಲ್ಲಿ ಹೇಳಿಯೇ ಬಂದಳು. ಗಂಟನ್ನು ಅಡುಗೆಮನೆಯ ಮೂಲೆಯಲ್ಲಿಟ್ಟಳು, ಬಿಚ್ಚಲಿಲ್ಲ.

ದೆರಿಯನ್ನು ಕರೆಸಿದರು.

"ಗೀಚು," ಎಂದಳು ಮುದುಕಿ.

"ಏನನ್ನ?"

"ಬಾಗಿಲನ್ನ. ಉಳಿ ತಗೊಂಡು ಅಡ್ಡ ಉದ್ದ ಗೀಚು. ಹೊಲ ಉತ್ತ ಹಾಗಿರಬೇಕು."

"ಅಜ್ಜಿ! ನಾಲ್ಕು ದಿನ ಕೂತು ನುಣುಪು ಮಾಡಿದೀನಿ ಇದನ್ನ!"

"ಹಾಗಾದ್ರೆ ಒಂದು ದಿನ ಕೂತು ಒರಟು ಮಾಡು. ಕೆಡಿಸೋದು ನಿಮ್ಮ ಕುಲಕ್ಕೆ ಬರದ ವಿದ್ಯೆಯಾ?"

ಅವನು ಅಳುಮುಖ ಮಾಡಿಕೊಂಡು ಗೀಚಿದ.

ದಾವದಾವ ಮರದ ಒಣ ಕಾಯಿಸಿಪ್ಪೆಯನ್ನು ದೊಡ್ಡ ಹಂಡೆಯಲ್ಲಿ ಅಂಗಳದಲ್ಲೇ ಕುದಿಸಿದರು. ನೀರು ಕಡುಕಂದಾಗಿ, ಬೆಲ್ಲದ ಪಾಕದಂತೆ ಕೈಗೆ ಅಂಟುವವರೆಗೆ ಬೆಂಕಿ. ಮುದುಕಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿ "ಇನ್ನೂ" ಎನ್ನುವಳು. ಹಸಿ ಸಗಣಿ, ಕುಟ್ಟಿದ ಕೆಮ್ಮಣ್ಣು, ಸಿಪ್ಪೆ ನೀರು. ಮೊದಲ ಬಾಗಿಲನ್ನು ಮುದುಕಿಯೇ ಮೆತ್ತಿದಳು. ಅದೂ ಒಣಗಿ ಅಂಚಿನಲ್ಲಿ ಎದ್ದಿತು.

ಅಯಿಂಪೋಕ ಎದ್ದ ಅಂಚನ್ನು ಮುರಿದು, ಮೂಸಿ, ಮಿದ್ದಿ ನೋಡಿದಳು. "ಗೋಡೆ ನೀರು ಕುಡಿಯುತ್ತೆ, ಮರ ಕುಡಿಯಲ್ಲ," ಎಂದಳು ತನಗೆ ತಾನೇ. "ದಪ್ಪ ಹಾಕಿದ್ದು ನನ್ನ ತಪ್ಪು." ಅರವತ್ತು ವರ್ಷ ಗೋಡೆ ಬಳಿದವಳು ಹೊಸದಾಗಿ ಕಲಿಯುವವಳಂತೆ ಮತ್ತೆ ಕೂತಳು. ಮರಕ್ಕೆ ಮೊದಲು ಬರೀ ಸಿಪ್ಪೆ ನೀರು ಕುಡಿಸಿದಳು. ಅದು ಒಣಗಿದ ಮೇಲೆ ಮಜ್ಜಿಗೆಯಷ್ಟು ತೆಳ್ಳಗೆ ಮಣ್ಣು, ಅದರ ಮೇಲೆ ಮತ್ತೊಂದು ತೆಳು ಪದರ, ಮತ್ತೊಂದು. ಐದು ದಿನ ಹಿಡಿಯಿತು. ಐದನೆಯ ದಿನ ಕ್ಲೆಮೆನ್ಸಿಯಾ ಬಾಗಿಲನ್ನು ಎತ್ತಿ ಜೋರಾಗಿ ಅಲುಗಿಸಿದಳು. ಒಂದು ಹರಳೂ ಉದುರಲಿಲ್ಲ.

"ಏನು ಕೈಯೇ ಸವತಿ ನಿಂದು!" ಎಂದಳು.

"ಕೈಯಲ್ಲ, ಸಗಣಿ," ಎಂದಳು ಮುದುಕಿ. ಆದರೆ ಹಿಗ್ಗಿದಳು.

ಆಮೇಲೆ ಅವಳೇ ಹೇಳಿಕಳಿಸಿದಳು. ಅತೆನಿಯೂ ಇನ್ನು ಮೂವರೂ ಬಂದರು, ಕೂಲಿಗಲ್ಲ, ಊಟಕ್ಕೆ. ತಲಾತ ಗಿನಿಕೋಳಿ ಸಾರು ಮಾಡಿದಳು, ಸಜ್ಜೆ ಮುದ್ದೆ ತಿರುವಿದಳು, ಒಂದು ಕೊಡ ಜೋಳದ ಹೆಂಡ ಪಿಟೊ ತರಿಸಿದಳು. ಅಡುಗೆಮನೆಯಲ್ಲಿ ಬಾಗಿಲುಗಳನ್ನೆಲ್ಲ ಕಪಾಟುಗಳಿಗೆ ಸಿಕ್ಕಿಸಿದ ಮೇಲೆ ಅಯಿಂಪೋಕ ಮಂಡಿಯೂರಿದಳು. ಮಂಡಿ ಲಟಕ್ಕೆಂದಿತು. ಎಲ್ಲರಿಗೂ ಕೇಳಿಸಿತು, ಯಾರೂ ಕೇಳಿಸಿಕೊಳ್ಳಲಿಲ್ಲ. ಗರಿಯನ್ನು ಕಪ್ಪು ಬಣ್ಣಕ್ಕೆ ಅದ್ದಿ, ಉಸಿರು ಹಿಡಿದು, ಮಂಡಿಯಲ್ಲೇ ಸರಿಯುತ್ತ ಮೊದಲ ಬಾಗಿಲಿನಿಂದ ಕೊನೆಯ ಬಾಗಿಲಿನವರೆಗೆ ಒಂದೇ ಗೆರೆ ಎಳೆದಳು. ಬಾಗಿಲು ಬಾಗಿಲಿನ ನಡುವಿನ ಸಂದುಗಳನ್ನೂ ಲೆಕ್ಕಿಸದೆ ಹೋದ ಆ ಗೆರೆ ಕೋಲಿಟ್ಟು ಎಳೆದಷ್ಟು ನೆಟ್ಟಗಿತ್ತು.

ಹೆಂಗಸರು ನಾಲಿಗೆ ಹೊರಳಿಸಿ ಸಂತೋಷದ ಕೂಗು ಹಾಕಿದರು. ಮೂರು ದಿನದಲ್ಲಿ ಬಾಗಿಲುಗಳ ಮೇಲೆ ಬಲೆ ಹರಡಿತು, ಹಸುಗಳು ಬಂದವು. ಅತೆನಿ ಹರಟುತ್ತಲೇ ಬೆಣಚುಕಲ್ಲಿನಿಂದ ಕೆಂಪನ್ನು ತಿಕ್ಕಿ ಹೊಳಪು ತಂದಳು.

"ನಿನ್ನ ಕಲ್ಲೆಲ್ಲಿ?" ಎಂದು ಕೇಳಿದಳು.

"ಗಂಟಿನಲ್ಲಿದೆ. ನಿನ್ನದೇ ಕೊಡು," ಎಂದಳು ಅಯಿಂಪೋಕ.

ಕಡೆಯ ದಿನ ಕೆಳಗಿನ ತ್ರಿಕೋನಗಳ ಸಾಲು ಉಳಿದಿತ್ತು. ತಲಾತ ಕೊಡ ಎತ್ತಿಕೊಂಡು ನಲ್ಲಿಗೆ ಹೊರಟಳು.

"ಅದನ್ನ ಇಡು," ಎಂದು ಮುದುಕಿ ಗರಿ ಚಾಚಿದಳು. "ನೀರು ತರೋಕೆ ನಿನ್ನ ಮಗಳಿದಾಳೆ."

ತಲಾತ ಬರೆದ ತ್ರಿಕೋನಗಳು ಒಂದೊಂದು ಒಂದೊಂದು ಕಡೆ ವಾಲಿದವು. ಅತ್ತೆ ಬಗ್ಗಿ ನೋಡಿದಳು. "ಇದು ಒಡೆದ ಬುರುಡೆ ಅಲ್ಲ ಕಣೆ. ಯಾರೋ ಕುಡಿದು ತುಳಿದ ಬುರುಡೆ." ಎಲ್ಲರೂ ನಕ್ಕರು. ಆದರೆ ಈ ಸಲ ಗರಿ ಕಿತ್ತುಕೊಳ್ಳಲಿಲ್ಲ.

ಎಲ್ಲ ಮುಗಿದಾಗ ಅಡುಗೆಮನೆಗೆ ಬೆಳಗಿನ ಬಿಸಿಲು ಬಂದು ಕೆಂಪು ಬಾಗಿಲುಗಳ ಮೇಲೆ ಬಿತ್ತು. ಬೂದು ಗೋಡೆಯೂ ಬೆಚ್ಚಗಾದಂತೆ ಕಂಡಿತು. ಅಕೊಲ್ಗೊ ಅಂಬಲಿಯ ಬಟ್ಟಲು ಹಿಡಿದು ನೋಡುತ್ತ ನಿಂತುಬಿಟ್ಟ. ಅಷ್ಟು ಒಳ್ಳೆಯ ಅಡುಗೆಮನೆ ಆ ಬೀದಿಯಲ್ಲಿರಲಿಲ್ಲ.

ಅಯಿಂಪೋಕ ತಲೆಯೆತ್ತಿ ತಾರಸಿ ನೋಡುತ್ತಿದ್ದಳು. "ಇಲ್ಲಿ ಮಳೆ ಬೀಳೋದೇ ಇಲ್ಲ ಅಲ್ವಾ?"

"ಒಂದು ಹನೀನೂ ಇಲ್ಲಮ್ಮ," ಎಂದ ಅಕೊಲ್ಗೊ ಹೆಮ್ಮೆಯಿಂದ. "ಒಂದು ಸಲ ಬಳಿದ್ರೆ ಮುಗೀತು. ಎಷ್ಟು ಅನುಕೂಲ ನೋಡು."

ಮುದುಕಿ ಗರಿಯನ್ನು ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟಳು.

ಆಮೇಲೆ ಅಂಗಳದಲ್ಲಿ ಕ್ಲೆಮೆನ್ಸಿಯಾ ಕೇಳುತ್ತಿದ್ದಳು, "ಗಂಟು ಯಾಕೆ ಬಿಚ್ಚಲ್ಲ ಸವತಿ?"

"ಬಳಿಯೋಕೆ ಬಂದೋಳು ಬಳಿದ ಮೇಲೆ ಹೋಗ್ತಾಳೆ. ನಾಳೆ ವ್ಯಾನಿದೆ. ಮಳೆಯೇ ತೊಳೆಯದ ಮೇಲೆ ಮುಂದಿನ ಸುಗ್ಗಿಗೆ ಈ ಮನೇಲಿ ನನಗೇನು ಕೆಲಸ? ಶೇಂಗಾ ಎಲ್ಲಿ ಕೂತು ಸುಲಿದರೂ ಶೇಂಗಾನೇ."

ತಲಾತ ಕಿಟಕಿಯ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಕೈ ನಿಂತಿತು.

ಅದೇ ಸಂಜೆ ದೆರಿ ಬಂದ. ಕೈಯಲ್ಲಿ ವಾರ್ನಿಷ್ ಡಬ್ಬ, ಹೊಸ ಬ್ರಷ್ಷು. ಅಡುಗೆಮನೆ ನೋಡಿ ಎರಡು ನಿಮಿಷ ಬಾಯಿ ಬಿಡಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

"ಇದರ ಮೇಲೆ ಎರಡು ಕೈ ವಾರ್ನಿಷ್ ಬಿದ್ರೆ ಗಾಜು ಹಾಕಿದ ಹಾಗೆ," ಎಂದ. "ಇಪ್ಪತ್ತು ವರ್ಷ ಅಲುಗಲ್ಲ."

"ಹಾಕು ಹಾಕು," ಎಂದ ಅಕೊಲ್ಗೊ.

"ಬೇಡ," ಎಂದಳು ತಲಾತ. ಅವಳು ಮುದ್ದೆ ತಿರುವುತ್ತಿದ್ದಳು.

"ಮೇಡಂ, ಇದು ಅಡುಗೆಮನೆ. ಹಬೆ, ಎಣ್ಣೆ, ಮಸಿ. ಹಾಗೇ ಬಿಟ್ರೆ ಒಂದು ವರ್ಷದಲ್ಲಿ ಬಣ್ಣ ಕಂದುತ್ತೆ, ಅಂಚು ಏಳುತ್ತೆ."

"ಏಳಲಿ."

"ವರ್ಷ ವರ್ಷ ಬಳೀಬೇಕಾಗುತ್ತೆ!"

"ಬಳೀತೀವಿ."

"ನಿನಗೇನು ತಲೆ ಕೆಟ್ಟಿದ್ಯಾ?" ಎಂದ ಅಕೊಲ್ಗೊ. "ಯಾರು ಬಳೀತಾರೆ ವರ್ಷ ವರ್ಷ?"

"ಮೊದಲ ಗೆರೆ ಅತ್ತೇದು. ಉಳಿದದ್ದು ನಮ್ಮದು. ನನ್ನ ತ್ರಿಕೋನ ನೋಡು, ಹೇಗೆ ವಾಲಿದೆ. ಅದು ನೆಟ್ಟಗಾಗೋಕೆ ಇನ್ನೂ ಹತ್ತು ಸುಗ್ಗಿ ಬೇಕು."

ಹೊರಗೆ ಶೇಂಗಾ ಸಿಪ್ಪೆಯ ಸದ್ದು ನಿಂತಿತು. ಆಮೇಲೆ ಮುದುಕಿಯ ಧ್ವನಿ ಬಂತು.

"ಏ ತಲಾತ! ಈ ವರ್ಷ ದಾವದಾವ ಕಾಯಿ ಚೆನ್ನಾಗಿ ಬಿಟ್ಟಿದೆ. ಸಿಪ್ಪೆ ಎರಡು ಮೂಟೆ ಇಡು ಅಂತ ಅತೆನಿಗೆ ಫೋನ್ ಮಾಡು. ಆಮೇಲೆ ಸಿಗಲ್ಲ."

"ಮಾಡ್ತೀನಿ ಅತ್ತೆ."

"ಈಗಲೇ ಮಾಡು. ಅವಳು ಸಿಪ್ಪೇನ ಒಲೆಗೆ ಹಾಕೋ ಹೆಂಗಸು."

ಅವಳು ಒಳಗೆ ಬಂದಳು. ದೆರಿಯ ಡಬ್ಬವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಮೂಲೆಯ ಗಂಟನ್ನು ಎಳೆದು, ಹಲ್ಲಿನಿಂದ ಬಿಗಿ ಸಡಿಲಿಸಿ ಬಿಚ್ಚಿದಳು. ಬಟ್ಟೆಗಳ ನಡುವಿನಿಂದ ಒಂದು ಹಿಡಿಗಾತ್ರದ ಬೆಣಚುಕಲ್ಲು ಹೊರಬಂತು. ಎಷ್ಟೋ ಗೋಡೆ ತಿಕ್ಕಿ ತಿಕ್ಕಿ ಮೊಟ್ಟೆಯಷ್ಟು ನುಣುಪಾಗಿತ್ತು. ಸೊಸೆಯ ವಾಲಿದ ತ್ರಿಕೋನಗಳಿದ್ದ ಬಾಗಿಲನ್ನು ತೆರೆದು, ಹೊಸ ಕಪಾಟಿನ ಖಾಲಿ ಖಾನೆಯಲ್ಲಿ ಅದನ್ನಿಟ್ಟಳು.

"ಇದು ನನ್ನ ಖಾನೆ," ಎಂದಳು. "ಇದರಲ್ಲಿ ಪಾತ್ರೆ ಗೀತ್ರೆ ತುರುಕೀರಿ, ಜೋಕೆ. ಮುದ್ದೆ ತಿರುವೇ, ತಳ ಹಿಡೀತಿದೆ."